ಎಡದಂಡೆಯೇ ನಮಗೆ ಕರಾವಳಿ, ಟೇಲರ್ ಸಾಹೇಬ್ರ!

ಗೆ,
ಕ್ಯಾಪ್ಟನ್ ಫಿಲಿಪ್ ಮೆಡೋಸ್ ಟೇಲರ್ ಸಾಹೇಬರು
ಹಿಂದಿನ ವಿಳಾಸ: ಟೇಲರ್ ಮಂಜಿಲ್, ಗುಡ್ಡದ ಮೇಲೆ, ಸುರಪುರ
ಈಗಿನ ವಿಳಾಸ: ಎಲ್ಲಿದ್ದರೆ ಅಲ್ಲಿ



1876ರಲ್ಲಿ ಫ್ರಾನ್ಸಿನ ಕಡಲದಂಡೆಯ ಊರೊಂದರಲ್ಲಿ ತೀರಿಹೋದ ನಿಮಗೆ ಕೆಂಭಾವಿಯಿಂದ ಪತ್ರ ಬರೆಯುವುದು ಹುಚ್ಚುತನ ಅಂತ ಗೊತ್ತು. ಆದರೆ ಬದುಕಿರುವವರಿಗೆ ಬರೆದ ಅರ್ಜಿಗಳಿಗೂ ಉತ್ತರ ಬಂದಿಲ್ಲ. ಆ ಲೆಕ್ಕದಲ್ಲಿ ನೀವೂ ಅವರೂ ಒಂದೇ. ಮೇಲಾಗಿ ನಮ್ಮ ಸಗರನಾಡಿನ ಗೋರಿಕಲ್ಲು, ಕೋಟೆ, ಕೆರೆಗಳನ್ನು ಖುದ್ದಾಗಿ ತಿರುಗಿ ನೋಡಿ, ಅಳೆದು, ಬರೆದಿಟ್ಟ ಅಧಿಕಾರಿ ನೀವು. 1841ರಿಂದ 1853ರವರೆಗೆ ಸುರಪುರದಲ್ಲೇ ಕೂತಿರಿ. ಈಗಿನ ಸಾಹೇಬರು ಹನ್ನೆರಡು ವರ್ಷ ಬೇಡ, ಹನ್ನೆರಡು ತಿಂಗಳು ಕೂತರೂ ಊರಿನವರು ಶಾಲು ಹೊದಿಸಿ ಹಾರ ಹಾಕುತ್ತಾರೆ.

ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನಲ್ಲಿರುವ ನಮ್ಮ ಅಕ್ಕನ ಮಗ ಜಾತ್ರೆಗೆ ಬಂದಾಗ ಮೊಬೈಲಿನಲ್ಲಿ ಒಂದು ನಕಾಶೆ ತೋರಿಸಿದ. ನಿಮ್ಮ ಇಂಗ್ಲೆಂಡಿನದೇ. ರೋಮಿನ ದೊರೆ ಹೇಡ್ರಿಯನ್ ಕ್ರಿ.ಶ. 122ರಲ್ಲಿ ಕಟ್ಟಿಸಲು ಹಿಡಿದ ಗೋಡೆ ಇದೆಯಲ್ಲ, ಅದರ ಉದ್ದಕ್ಕೂ ಈಗ ಸೈಕಲ್ ಹಾದಿ ಮಾಡಿದ್ದಾರಂತೆ. ಪಡುವಣ ಕಡಲಿನಿಂದ ಮೂಡಣ ಕಡಲಿನವರೆಗೆ ಸುಮಾರು 270 ಕಿ.ಮೀ.; ಅದಕ್ಕೆ 72 ಅಂತ ನಂಬರು ಬೇರೆ. ಬಿದ್ದ ಗೋಡೆ, ಕುಸಿದ ಠಾಣೆ, ಹಸಿರು ಹೊಲ, ಕುರಿ, ಕಡಲು, ನಡುನಡುವೆ ಚಹಾದ ಅಂಗಡಿ. ಜನ ದುಡ್ಡು ಕೊಟ್ಟು ಹೋಗಿ ಬೆವರು ಸುರಿಸಿ ಬರುತ್ತಾರಂತೆ. ಅದನ್ನು ನೋಡಿದ್ದೇ ನನಗೆ ಹೊಟ್ಟೆಯಲ್ಲಿ ಸಣ್ಣಗೆ ಉರಿ ಶುರುವಾಯಿತು. ಬಿದ್ದ ಗೋಡೆಗೆ ನಮ್ಮಲ್ಲೇನು ಬರವೇ?

ನೀವು ಸುರಪುರ ಬಿಟ್ಟಾಗ ಪೆಡಲ್ ತುಳಿಯುವ ಸೈಕಲ್ ಇನ್ನೂ ಹುಟ್ಟಿರಲಿಲ್ಲ. ಅದಕ್ಕೇ ಹೇಳುತ್ತೇನೆ: ಸೈಕಲ್ ಅಂದರೆ ಎರಡು ಗಾಲಿಯ ಕುದುರೆ. ಹುಲ್ಲು ಬೇಡ, ಹುರುಳಿ ಬೇಡ, ವಾರಕ್ಕೊಮ್ಮೆ ಹವಾ ಹಾಕಿದರೆ ಆಯಿತು. ನಾನು ಕಲಿತದ್ದು ತಾಸಿನ ಬಾಡಿಗೆಯ ಸೈಕಲ್ಲಿನ ಮೇಲೆ, ಬಾರಿನ ಒಳಗೆ ಕಾಲು ತೂರಿಸಿ ಕತ್ತರಿ ಹೊಡೆದು. ಮೊಣಕಾಲಿನ ಗುರುತು ಇನ್ನೂ ಇದೆ. ಈಗ ನನ್ನ ವಯಸ್ಸಿನವನು ಸೈಕಲ್ ಹತ್ತಿ ಹೊರಟರೆ ಹೊಲದಲ್ಲಿದ್ದವರು ಕೆಲಸ ಬಿಟ್ಟು ಕೂಗುತ್ತಾರೆ: "ಯಾಕ್ರಿ ಸರ, ಗಾಡಿ ಮಾರೀರೇನ್ರಿ?" ಸುಮ್ಮನೆ ಹೊರಟಿದ್ದೇನೆ ಅಂದರೆ ಮರುಕ ಇನ್ನೂ ಹೆಚ್ಚಾಗುತ್ತದೆ.

ಆದ್ದರಿಂದ ನಾನೇ ಒಂದು ಮಾರ್ಗ ತಯಾರಿಸಿದ್ದೇನೆ. ಸಲಹೆಗಾರರಿಲ್ಲ, ಡಿಪಿಆರ್ ಇಲ್ಲ, ಬಣ್ಣದ ಪುಸ್ತಕವಿಲ್ಲ. ನಿಮ್ಮ ಅವಗಾಹನೆಗಾಗಿ.

ಹೊರಡುವುದು ಕೆಂಭಾವಿಯಿಂದ. ಪಕ್ಷಪಾತ ಅನ್ನಬೇಡಿ, ಅದಕ್ಕೆ ಐತಿಹಾಸಿಕ ಕಾರಣವಿದೆ. ಹರಿಹರ ಕವಿ ನಮ್ಮ ಕೆಂಭಾವಿ ಭೋಗಣ್ಣನ ಮೇಲೆ ರಗಳೆಯನ್ನೇ ಬರೆದಿದ್ದಾನೆ. ಹೊಲೆಯನ ವೇಷದಲ್ಲಿ ಬಂದ ಶಿವನನ್ನು ಭೋಗಣ್ಣ ಮನೆಯೊಳಗೆ ಕರೆದು ಉಣ್ಣಿಸಿದ. ಊರಿನ ದೊಡ್ಡವರು ಅರಸನಿಗೆ ದೂರು ಒಯ್ದರು, ಭೋಗಣ್ಣ ಊರು ಬಿಡಬೇಕಾಯಿತು. ಅವನು ಹೊರಟದ್ದೇ ತಡ, ಊರಿನ ಗುಡಿಗಳಲ್ಲಿದ್ದ ಲಿಂಗಗಳೆಲ್ಲ ಕಿತ್ತೆದ್ದು ಅವನ ಹಿಂದೆ ಉರುಳಿಕೊಂಡು ಹೊರಟವು ಎನ್ನುತ್ತದೆ ಕಥೆ. ನೋಡಿ ಸಾಹೇಬ್ರ, ಬೇರೆ ಊರುಗಳಲ್ಲಿ ಪ್ರವಾಸಿ ಪರಂಪರೆಯನ್ನು ಹುಡುಕಿಕೊಂಡು ಹೋಗುತ್ತಾನೆ, ನಮ್ಮಲ್ಲಿ ಪರಂಪರೆಯೇ ಮನುಷ್ಯನ ಬೆನ್ನು ಹತ್ತಿ ಹೊರಟಿತ್ತು. ಆಗ ರಸ್ತೆ ಚೆನ್ನಾಗಿದ್ದಿರಬೇಕು. ಈಗ ಅದೇ ಹಾದಿಯಲ್ಲಿ ಲಿಂಗಗಳು ಉರುಳಿದರೆ ಮೊದಲ ತಗ್ಗಿನಲ್ಲೇ ಪ್ರತಿಷ್ಠಾಪನೆಯಾಗಿಬಿಡುತ್ತವೆ.

ಮೊದಲ ನಿಲ್ದಾಣ ಬೂದಿಹಾಳ. ನಾಲ್ಕು ಸಾವಿರ ವರ್ಷಗಳಷ್ಟು ಹಿಂದೆ ದನ ಕಟ್ಟಿಕೊಂಡು ಬದುಕಿದವರು ಸಗಣಿ ರಾಶಿ ಹಾಕಿ ಹಾಕಿ, ಸುಟ್ಟು ಸುಟ್ಟು, ದಿಬ್ಬವನ್ನೇ ಎಬ್ಬಿಸಿದ್ದಾರೆ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ವರ್ಷಗಟ್ಟಲೆ ಅಗೆದು ಇದು ಬೂದಿಯೇ ಅಂತ ಖಚಿತಪಡಿಸಿದರು. ಊರಿನವರು ಊರಿಗೆ ಹೆಸರಿಡುವಾಗಲೇ ಖಚಿತಪಡಿಸಿಕೊಂಡಿದ್ದರು. ಇಲ್ಲಿಗೆ ಮಳೆಗಾಲದಲ್ಲಿ ಹೋಗುವವರಿಗೆ ಒಂದು ಎಚ್ಚರಿಕೆ. ನಮ್ಮದು ಎರೆಭೂಮಿ. ಒಂದು ಹದ ಮಳೆ ಬಿತ್ತೆಂದರೆ ಮಣ್ಣು ಗಾಲಿಗೆ ಸುತ್ತಿ, ಮಡ್‌ಗಾರ್ಡಿನ ಒಳಗೆ ತುಂಬಿ, ಬ್ರೇಕಿನ ಹಲ್ಲಿಗೆ ಕಚ್ಚಿ, ಗಾಲಿ ನಿಂತೇ ಹೋಗುತ್ತದೆ. ತೊಗರಿ ಕಟ್ಟಿಗೆಯಿಂದ ಕೆರೆದು ಹತ್ತು ಮಾರು ತಳ್ಳುವುದು, ಮತ್ತೆ ಕೆರೆಯುವುದು. ಕಡೆಗೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆಯುವುದು. ಚಪ್ಪಲಿಯ ಕೆಳಗೆ ಒಂದೊಂದು ಸೇರು ಮಣ್ಣು ಹತ್ತಿ ಆಳು ಮೂರು ಬೆರಳು ಎತ್ತರ ಕಾಣುತ್ತಾನೆ. ಪಲ್ಲಕ್ಕಿಯಲ್ಲಿ ಬಂದ ನಿಮಗೆ ಇದು ತಿಳಿಯದು, ಹೊತ್ತವರನ್ನು ಕೇಳಬೇಕಿತ್ತು.

ಮುಂದೆ ಇಸಾಂಪುರ. ಹುಣಸಗಿ ಕಣಿವೆಯ ಈ ಜಾಗದಲ್ಲಿ ಸುಮಾರು 12 ಲಕ್ಷ ವರ್ಷಗಳ ಹಿಂದೆ ಸುಣ್ಣದ ಕಲ್ಲನ್ನು ಒಡೆದು ಕೈಗೊಡಲಿ ಮಾಡುವ ಕಾರ್ಖಾನೆ ಇತ್ತು ಎನ್ನುತ್ತಾರೆ ತಿಳಿದವರು. ಹನ್ನೆರಡು ಲಕ್ಷ! ಹೇಡ್ರಿಯನ್ನನ ಗೋಡೆಗೆ ಎರಡು ಸಾವಿರವೂ ತುಂಬಿಲ್ಲ. ಇಡೀ ಸೀಮೆಯಲ್ಲಿ ಉದ್ಯೋಗ ಸೃಷ್ಟಿಯ ಮಾತು ಬಂದಾಗಲೆಲ್ಲ ನಾನು ಇಸಾಂಪುರವನ್ನೇ ನೆನೆಯುತ್ತೇನೆ. ಸ್ಥಳೀಯರಿಗೆ ಸ್ಥಳದಲ್ಲೇ ಕೆಲಸ ಕೊಟ್ಟ ಕಾರ್ಖಾನೆ ಅದೊಂದೇ. ಅದು ಮುಚ್ಚಿದ ಮೇಲೆ ಜನ ಬೆಂಗಳೂರು, ಪುಣೆ, ಮುಂಬಯಿಗೆ ದುಡಿಯಲು ಹೋಗತೊಡಗಿದರು.

ರಾಜನಕೋಳೂರು ನಿಮ್ಮ ಊರೇ. ಅಲ್ಲಿನ ಕಲ್ಮನೆಗಳ ಬಗ್ಗೆ, ಇಡೀ ಸುರಪುರ ಸಂಸ್ಥಾನದ ಗೋರಿಕಲ್ಲುಗಳ ಬಗ್ಗೆ ಪ್ರಬಂಧ ಬರೆದು ಅವನ್ನು 'ಸೈಥೋ-ಡ್ರುಯಿಡಿಕಲ್' ಅವಶೇಷಗಳು ಅಂದಿರಿ, ಅಂದರೆ ಸಿಥಿಯನ್ನರ, ನಿಮ್ಮ ಕಡೆಯ ಹಳೆಯ ಡ್ರುಯಿಡ್ ಪುರೋಹಿತರ ಬಗೆಯವು. ನಮ್ಮ ದನ ಕಾಯುವವರು ಅವನ್ನು 'ಮೋರ್ಯರ ಮನೆ' ಅನ್ನುತ್ತಿದ್ದರು, ಗಿಡ್ಡ ಗಿಡ್ಡ ಜನ ಅದರೊಳಗೆ ಸಂಸಾರ ಮಾಡಿಕೊಂಡಿದ್ದರು ಅಂತ. ತಪ್ಪೋ ಒಪ್ಪೋ, ಮೋರ್ಯರು ಕಡೇಪಕ್ಷ ಈ ಊರಿನವರಾದರೂ ಆಗಿದ್ದರು. ನೀವು ನಮ್ಮ ಸತ್ತವರಿಗೆ ಐರ್ಲೆಂಡಿನ ನಂಟಸ್ತಿಕೆ ಹಚ್ಚಿದಿರಿ. ಇರಲಿ. ಮೂರು ಕಡೆ ನಿಲ್ಲಿಸಿದ ಚಪ್ಪಡಿ, ಮೇಲೊಂದು ಚಪ್ಪಡಿ: ಮಟಮಟ ಮಧ್ಯಾಹ್ನ ಕುರಿಹುಡುಗರು ನೆರಳಿಗೆ ನುಸುಳುವುದು ಅದರೊಳಗೇ. ನನ್ನ ಮಾರ್ಗದಲ್ಲಿ ಅದನ್ನು 'ಪ್ರವಾಸಿ ವಿಶ್ರಾಂತಿ ಧಾಮ' ಅಂತ ತೋರಿಸಿದ್ದೇನೆ. ಕಟ್ಟಡ ಸಿದ್ಧವಿದೆ, ಎರಡು ಸಾವಿರ ವರ್ಷದಿಂದ ಸೋರಿಲ್ಲ, ಗುತ್ತಿಗೆದಾರನ ಹೆಸರು ಮಾತ್ರ ಸಿಕ್ಕಿಲ್ಲ. ಸಿಕ್ಕಿದ್ದರೆ ನಮ್ಮ ಶಾಲೆಯ ಚಾವಣಿ ಅವನಿಗೇ ಕೊಡಬಹುದಿತ್ತು.

ಇನ್ನು ಕಡಲು. ನಿಮ್ಮ ದೇಶದ ಸೈಕಲ್ ಹಾದಿಗೆ ಎರಡು ಕಡಲು, ನಮಗೆ ಒಂದೂ ಇಲ್ಲ. ಅದು ದೊಡ್ಡ ಕೊರತೆಯಾಗಿತ್ತು. ಎರಡು ರಾತ್ರಿ ಯೋಚಿಸಿದ ಮೇಲೆ ಹೊಳೆಯಿತು: ನಾರಾಯಣಪುರದಲ್ಲಿ ಕೃಷ್ಣೆಗೆ 1982ರಲ್ಲಿ ಕಟ್ಟಿ ಮುಗಿಸಿದ ಬಸವಸಾಗರವಿದೆ. ಹೆಸರಿನಲ್ಲೇ ಸಾಗರ! ಅಲ್ಲಿಂದ ಹೊರಡುವ ಎಡದಂಡೆ ಕಾಲುವೆ 78 ಕಿ.ಮೀ. ಇದೆ, ಶಾಖಾ ಕಾಲುವೆಗಳು ಬೇರೆ. ಸಾಗರವೂ ಇದೆ, ದಂಡೆಯೂ ಇದೆ. ಇದು ಕರಾವಳಿ ಅಲ್ಲದೆ ಮತ್ತೇನು?

ತಮಾಷೆ ಬಿಟ್ಟು ಒಂದು ಮಾತು ಹೇಳುತ್ತೇನೆ. ಕಾಲುವೆಯ ಮಗ್ಗುಲಿಗೆ ಎಂಜಿನಿಯರುಗಳು ಓಡಾಡಲಿ ಅಂತ ಮಾಡಿದ ಹಾದಿಯಷ್ಟು ಒಳ್ಳೆಯ ಸೈಕಲ್ ಹಾದಿ ಈ ಭಾಗದಲ್ಲಿ ಇನ್ನೊಂದಿಲ್ಲ. ನೀರು ತನ್ನಷ್ಟಕ್ಕೆ ಹರಿಯಬೇಕಲ್ಲ, ಅದಕ್ಕೆ ಏರು ಇಲ್ಲ, ಇಳಿಜಾರು ಅಂದರೆ ಕಣ್ಣಿಗೆ ಕಾಣದಷ್ಟು. ಬೆಳಿಗ್ಗೆ ಆರಕ್ಕೆ ಹೊರಟರೆ ಒಂದು ಕಡೆ ನೀರು, ಇನ್ನೊಂದು ಕಡೆ ಭತ್ತ, ಕೊಕ್ಕರೆ, ಮೆಟ್ಟಿಲ ಮೇಲೆ ಕೌದಿ ಒಗೆಯುವ ಹೆಂಗಸರು. ಎಂಜಿನಿಯರುಗಳು ಹೆಚ್ಚಾಗಿ ಬರದ ಕಾರಣ ವಾಹನ ದಟ್ಟಣೆಯೂ ಇಲ್ಲ. ವೇಗ ನಿಯಂತ್ರಣಕ್ಕೆ ರೈತರೇ ಏರ್ಪಾಡು ಮಾಡಿದ್ದಾರೆ: ಕಾಲುವೆಗೆ ಪಂಪು ಇಳಿಸಿ, ಪೈಪನ್ನು ಹಾದಿಗೆ ಅಡ್ಡ ಹಾಸಿ, ಮೇಲೆ ಮಣ್ಣು ಮುಚ್ಚಿದ ಉಬ್ಬು ಅಲ್ಲಲ್ಲಿ. ಆದರೆ ಕಾಲುವೆಯ ಕೊನೆಗೆ ಬಂದಂತೆ ಕರಾವಳಿ ಮಾಯವಾಗುತ್ತದೆ. ಅಲ್ಲಿ ನೀರಿನ ಜಾಗದಲ್ಲಿ ಜಾಲಿ ಬೆಳೆದಿರುತ್ತದೆ, ಜಾಲಿಯ ಮುಳ್ಳಿಗೆ ಟ್ಯೂಬು ಸುಯ್ ಅನ್ನುತ್ತದೆ. ಪಂಚರ್ ಹಾಕುವವನ ಬಾನಿಯಲ್ಲಿ ಟ್ಯೂಬ್ ಅದ್ದಿ ಗುಳ್ಳೆ ನೋಡಲಿಕ್ಕಾದರೂ ನೀರು ಬೇಕಲ್ಲ? "ಸರದಿ ಮ್ಯಾಲ ಬಿಡ್ತಾರಂತ ಕುಂತೀವ್ರಿ," ಅಂದ ಒಬ್ಬ. ಅವನು ಹೇಳಿದ್ದು ಹೊಲದ ಮಾತು.

ವಾಗಿಣಗೇರಿಯನ್ನು ಬಿಡುವ ಹಾಗಿಲ್ಲ. 1705ರಲ್ಲಿ ಔರಂಗಜೇಬ ಬೇಡರ ದೊರೆ ಪಿಡ್ಡ ನಾಯಕನ ಮೇಲೆ ದಂಡು ಕಟ್ಟಿಕೊಂಡು ತಾನೇ ಬಂದದ್ದು ಇಲ್ಲಿಗೆ, ಎಂಬತ್ತಾರನೆಯ ವಯಸ್ಸಿನಲ್ಲಿ. ತಿಂಗಳುಗಟ್ಟಲೆ ಮುತ್ತಿಗೆ ಹಾಕಿ ಕೋಟೆ ಹಿಡಿದ, ಆದರೆ ಬೇಡರ ನಾಯಕ ಕೈಗೆ ಸಿಗಲಿಲ್ಲ. ಆಮೇಲೆ ದೇವಾಪುರದಲ್ಲಿ ಬಿಡಾರ ಹೂಡಿ, ಕಾಯಿಲೆ ಬಿದ್ದು, ತಿಂಗಳುಗಟ್ಟಲೆ ಅಲ್ಲೇ ತಂಗಿದ. ಅದೇ ಅವನ ಕೊನೆಯ ದಂಡಯಾತ್ರೆ. ಸುರಪುರ ಸೀಮೆಯಲ್ಲಿ ಅಷ್ಟು ದಿನ ಉಳಿದ ಪ್ರವಾಸಿ ಆಮೇಲೆ ಬಂದಿಲ್ಲ. ಈಗಿನವರು ಮಧ್ಯಾಹ್ನದ ಊಟಕ್ಕೆ ಯಾದಗಿರಿಗೋ ಕಲಬುರಗಿಗೋ ಓಡುತ್ತಾರೆ.

ಸುರಪುರದ ಗುಡ್ಡ ಹತ್ತುವಾಗ ಇಳಿದು ತಳ್ಳಬೇಕು, ನಾಚಿಕೆ ಪಡಬಾರದು. ಅರಮನೆ ನೋಡಿ ಬೋನಾಳ ಕೆರೆಯ ಹಕ್ಕಿಗಳ ಕಡೆಗೆ. ನಾಯಕ ಅರಸರು ಕಟ್ಟಿಸಿದ ಕೆರೆ, ನೀವು ಇನ್ನಷ್ಟು ಬಲಪಡಿಸಿದಿರಿ, ಅದಕ್ಕೆ ಕೃತಜ್ಞತೆ. ನಿಮ್ಮನ್ನು 'ಅಪ್ಪಾ' ಅನ್ನುತ್ತಿದ್ದ ಹುಡುಗ ದೊರೆ ವೆಂಕಟಪ್ಪ ನಾಯಕನನ್ನು 1858ರಲ್ಲಿ ನಿಮ್ಮ ಕಂಪನಿಯವರು ಏನು ಮಾಡಿದರು ಅನ್ನುವುದನ್ನು ಇಲ್ಲಿ ಎತ್ತುವುದಿಲ್ಲ, ಇದು ಪ್ರವಾಸದ ಪತ್ರ. ವಿಭೂತಿಹಳ್ಳಿಯ ಸಾಲುಗಲ್ಲುಗಳು, ಶಹಾಪುರದಲ್ಲಿ ಗುಡ್ಡಗಳೇ ಸೇರಿ ಮಲಗಿದ ಬುದ್ಧ, ಭೀಮೆಯ ದಂಡೆಯ ಶಿರವಾಳದ ಗುಡಿಗಳು, ಹೀಗೆ ಮುಂದೆ.

ಮಾರ್ಗ ಮುಗಿಯುವುದು ಸನ್ನತಿಯಲ್ಲಿ. 1986ರಲ್ಲಿ ಅಲ್ಲಿ ಕಾಳಿಯ ಗುಡಿಯ ಚಾವಣಿ ಕುಸಿಯಿತು. ಕುಸಿದದ್ದರಿಂದಲೇ ದೇವಿಯ ಕೆಳಗಿದ್ದ ಪೀಠ ಅಶೋಕನ ಶಾಸನ ಅಂತ ತಿಳಿಯಿತು. ನಮ್ಮ ಭಾಗದಲ್ಲಿ ಚಾವಣಿ ಕುಸಿದು ಒಳ್ಳೆಯದಾದ ಉದಾಹರಣೆ ನನಗೆ ಗೊತ್ತಿರುವುದು ಅದೊಂದೇ. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ 'ರಾಯ ಅಶೋಕ' ಅಂತ ಹೆಸರು ಕೊರೆದ ಫಲಕವಿದೆ. ರಾಜ ನಿಂತಿದ್ದಾನೆ, ಹಿಂದೆ ನಿಂತವರು ಛತ್ರಿ ಹಿಡಿದಿದ್ದಾರೆ, ಚಾಮರ ಬೀಸುತ್ತಿದ್ದಾರೆ. ದಾರಿಯ ಬದಿಗೆ ಮರ ನೆಡಿಸಿದೆ, ಬಾವಿ ತೋಡಿಸಿದೆ ಅಂತ ಬೇರೆ ಶಾಸನಗಳಲ್ಲಿ ಬರೆಸಿದವನು ಅವನೇ. ಏಪ್ರಿಲ್ ತಿಂಗಳಲ್ಲಿ ಕೆಂಭಾವಿಯಿಂದ ಸೈಕಲ್ ತುಳಿದು ಬಂದವನಿಗೆ ಎರಡೂ ಅರ್ಥವಾಗುತ್ತವೆ. ಮರಗಳ ಮಾತು ಶಾಸನದಲ್ಲಿ ಉಳಿಯಿತು, ನೆರಳು ಫಲಕದಲ್ಲಿ ಉಳಿಯಿತು.

ಯಾರು ಬರುತ್ತಾರೆ ಈ ಮಾರ್ಗಕ್ಕೆ ಅಂತ ನೀವು ಕೇಳಬಹುದು. ಸಾಹೇಬ್ರ, ಸವಾರರು ಆಗಲೇ ಇದ್ದರು. 2006-07ರಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿತು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹಳ್ಳಿಗಳಿಂದ ಕೆಂಭಾವಿಯ ಕಡೆ ಹುಡುಗಿಯರ ಸಾಲು ಬರುತ್ತಿತ್ತು. ಎರಡು ಜಡೆ, ಹಿಂದೆ ಕ್ಯಾರಿಯರಿನ ಮೇಲೆ ಇನ್ನೊಬ್ಬಳು, ಅವಳ ತೊಡೆಯ ಮೇಲೆ ಇಬ್ಬರ ಪಾಟಿಚೀಲ. ಏಳನೆಯದಕ್ಕೇ ಓದು ನಿಲ್ಲುತ್ತಿದ್ದವರು ಅವರು. ಹಾದಿಯಲ್ಲಿ ಬೇವಿನ ಮರದ ಕೆಳಗೆ ಒಂದು ವೀರಗಲ್ಲು. ಅದಕ್ಕೆ ಸೈಕಲ್ ಒರಗಿಸಿ, ಚೈನ್ ಬಿದ್ದವಳಿಗೆ ಉಳಿದವರು ಚೈನ್ ಹಾಕಿಕೊಡುತ್ತಿದ್ದರು. ಕೈಗೆ ಹತ್ತಿದ ಕರಿ ಎಣ್ಣೆಯನ್ನು ಕಲ್ಲಿನ ವೀರನ ಕಾಲಿಗೇ ಒರೆಸಿ ಹೊರಡುತ್ತಿದ್ದರು. ಕೋವಿಡ್ ಬಂದ ವರ್ಷ ಸೈಕಲ್ ಕೊಡುವುದು ನಿಂತಿತು. ಎಣ್ಣೆಯ ಗುರುತು ಕಲ್ಲಿನ ಮೇಲೆ ಇನ್ನೂ ಇದೆ. ಮುಂದೊಂದು ದಿನ ಯಾರೋ ವಿದ್ವಾಂಸರು ಬಂದು ಅದನ್ನು ಪ್ರಾಚೀನ ಪೂಜಾ ಪದ್ಧತಿ ಅಂತ ಬರೆದಾರು ಎಂಬುದೇ ನನ್ನ ಚಿಂತೆ. ನಿಮ್ಮ ಡ್ರುಯಿಡರನ್ನು ನೆನೆದು ಹೇಳಿದೆ.

ಹಾಗಾಗಿ ತಾವೇ ಒಮ್ಮೆ ಬಂದು ಈ ಮಾರ್ಗವನ್ನು ಉದ್ಘಾಟಿಸಬೇಕೆಂದು ಕೋರಿಕೆ. ಹೊರಡುವುದು ಬೆಳಿಗ್ಗೆ ಐದಕ್ಕೆ, ಹತ್ತರೊಳಗೆ ನೆರಳು ಹುಡುಕಬೇಕು. ಒಂದು ಪಂಪು, ಎರಡು ಟ್ಯೂಬು, ತಲೆಗೆ ರುಮಾಲು ತನ್ನಿ. ಬುತ್ತಿ ನಾನು ತರುತ್ತೇನೆ: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಡಬ್ಬಿಯಲ್ಲಿ ಬೇರೆ.

ಇತಿ ತಮ್ಮ ವಿಶ್ವಾಸಿ,
ಕೆಂಭಾವಿಯ ಒಬ್ಬ ಸೈಕಲ್ ಸವಾರ

ತಾ.ಕ.: ರಾತ್ರಿ ತಂಗಲು ನಿಮ್ಮ ಮಂಜಿಲ್ಲೇ ಆಗುತ್ತದೆ ಅಂತ ನಂಬಿಕೊಂಡು ಬರಬೇಡಿ. ಅದು ಸರ್ಕಾರಿ ಅತಿಥಿಗೃಹವಾಯಿತು. ಮುಂಚೆಯೇ ಅರ್ಜಿ ಹಾಕಿಕೊಳ್ಳಿ. ಯಾವ ಇಲಾಖೆಯವರು ಅಂತ ಕೇಳಿದರೆ 'ಕಟ್ಟಿಸಿದವರು' ಅಂತ ಬರೆಯಿರಿ, ಆಧಾರ್ ಕಾರ್ಡಿನ ಎರಡು ಜೆರಾಕ್ಸ್ ಜೊತೆಗಿರಲಿ.