ಟಬ್ ಭಾವ

ಗಲ್ಫಿನ ದುಡ್ಡಿನಲ್ಲಿ ಮನೆ ಏಳುವುದು ಮಂಕಿಯಲ್ಲಿ ಸುದ್ದಿಯಲ್ಲ. ಹೊನ್ನಾವರ ದಾಟಿ ಭಟ್ಕಳದ ಕಡೆ ಹೆದ್ದಾರಿ ಹಿಡಿದರೆ ತೆಂಗಿನ ತೋಟಗಳ ನಡುನಡುವೆ ಗಿಳಿಹಸಿರು, ಗುಲಾಬಿ ಬಣ್ಣದ ತಾರಸಿಗಳು ಇಣುಕುತ್ತಲೇ ಇರುತ್ತವೆ. ಆದರೆ ಮೇಲ್ಮಹಡಿಯ ಬಚ್ಚಲಿಗೆ ಐದೂವರೆ ಅಡಿ ಉದ್ದದ ಬಿಳಿ ಟಬ್ಬು ಹತ್ತಿಸಿದವನ ತಳಿಯೇ ಬೇರೆ. ಕುಮಟೆಯಲ್ಲಿ ಅವನು ಬೆಂಗಳೂರಿನ ಸಾಫ್ಟ್‌ವೇರ್ ಬಿಟ್ಟು ಬಂದವನು, ಭಟ್ಕಳದಲ್ಲಿ ದುಬೈ ಬಿಟ್ಟು ಬಂದವನು. ನಮ್ಮ ಮಂಕಿಯವನಿಗೆ ಊರವರು ಟಬ್ ಭಾವ ಎಂದೇ ಹೆಸರಿಟ್ಟಿದ್ದಾರೆ.

ಟಬ್ ಭಾವನಿಗೆ ಸ್ನಾನದ ಮೇಲೆ ಅಂಥ ಪ್ರೀತಿಯೇನಿಲ್ಲ. ಅವನ ಪ್ರೀತಿಯೆಲ್ಲ ತುಂಬುವುದರ ಮೇಲೆ. ಮನೆಗೆ ಬಂದವರಿಗೆ ಚಾ ಕೊಡುವ ಮೊದಲೇ ಮೇಲೆ ಕರೆದೊಯ್ದು, ಮೊಬೈಲಿನ ಸ್ಟಾಪ್‌ವಾಚ್ ಒತ್ತಿ, ನಲ್ಲಿ ತಿರುಗಿಸುತ್ತಾನೆ. ನೆಂಟರು ಸೊಂಟಕ್ಕೆ ಕೈ ಕೊಟ್ಟು ನೀರು ನೋಡುತ್ತ ನಿಲ್ಲಬೇಕು. ಎಷ್ಟೋ ಮದುವೆಯ ಕರೆಯೋಲೆಗಳು ಆ ಬಚ್ಚಲಿನಲ್ಲೇ ಒದ್ದೆಯಾಗಿವೆ.

ಮೊದಲು ಇಷ್ಟು ಸುಖವಿರಲಿಲ್ಲ. ಟಬ್ಬು ಹಿಡಿಯುವುದು ಮುನ್ನೂರು ಲೀಟರು. ಅರ್ಧ ಇಂಚಿನ ಪೈಪಿನಿಂದ ಬರುತ್ತಿದ್ದದ್ದು ನಿಮಿಷಕ್ಕೆ ಎಂಟು. ನಲ್ಲಿ ಬಿಟ್ಟು ಬೈಕಿನಲ್ಲಿ ಮುರ್ಡೇಶ್ವರಕ್ಕೆ ಹೋಗಿ ಬಂದರೂ ನೀರು ಮೊಣಕಾಲು ಮುಟ್ಟುತ್ತಿರಲಿಲ್ಲ. ಟವೆಲ್ಲು ಸುತ್ತಿಕೊಂಡು ಕಾದೂ ಕಾದೂ ಅವನಿಗೆ ಶೀತವಾಯಿತು. ಟಬ್ಬಿಗೆ ಇಳಿಯದೆಯೇ ಶೀತ ಹಿಡಿಸಿಕೊಂಡ ಮನುಷ್ಯ ಈ ತಾಲೂಕಿನಲ್ಲಿ ಬಹುಶಃ ಇವನೊಬ್ಬನೇ.

ಈ ತಳಿಯವರು ಕಾಯಿಲೆಗೆ ಮೊದಲು ಮಾಡುವ ಮದ್ದು ದುಬಾರಿ ನಲ್ಲಿ. ಜಲಪಾತದ ಹಾಗೆ ಅಗಲ ಬಾಯಿಯ ನಲ್ಲಿ ಮಂಗಳೂರಿನಿಂದ ಬಂತು. ಅದೇ ಎಂಟು ಲೀಟರು ಈಗ ತೆಳ್ಳಗೆ, ಚಂದವಾಗಿ, ಸದ್ದಿಲ್ಲದೆ ಬೀಳತೊಡಗಿತು. ಆಗ ಕರೆಸಿದ್ದು ಹೊನ್ನಾವರದ ಪ್ಲಂಬರನನ್ನು. ಅವನು ನಲ್ಲಿಯನ್ನು ಮುಟ್ಟಲೂ ಇಲ್ಲ. ಕಿಟಕಿಯಿಂದ ತಲೆ ಹೊರಹಾಕಿ ತಾರಸಿಯ ಮೇಲಿನ ಕಪ್ಪು ಟ್ಯಾಂಕನ್ನು ನೋಡಿ, "ನೀರು ಪೈಪಿಂದ ಬರೂದಲ್ಲ ಮಾರಾಯ್ರೆ, ಎತ್ತರದಿಂದ ಬರೂದು" ಅಂದ.

ಹತ್ತು ಮೀಟರು ಎತ್ತರದ ನೀರು ಚದರ ಸೆಂಟಿಮೀಟರಿಗೆ ಸರಿಸುಮಾರು ಒಂದು ಕಿಲೋ ಒತ್ತಡ ಕೊಡುತ್ತದೆ. ಟಬ್ ಭಾವನ ಟ್ಯಾಂಕು ಟಬ್ಬಿನ ನೆತ್ತಿಯಿಂದ ಮೂರೇ ಮೀಟರು ಮೇಲಿತ್ತು. ಅದೇ ಟ್ಯಾಂಕಿನ ನೀರು ಕೆಳಗಿನ ಅಂಗಳದ ನಲ್ಲಿಯಲ್ಲಿ ಎಮ್ಮೆ ತೊಳೆಯುವಷ್ಟು ರಭಸವಾಗಿ ಬರುತ್ತಿತ್ತು. ಲಕ್ಷ ಸುರಿದ ಮೇಲ್ಮಹಡಿಯಲ್ಲಿ ಮಾತ್ರ ಏದುಸಿರು. ಟ್ಯಾಂಕನ್ನು ಎಷ್ಟು ಎತ್ತರಕ್ಕೆ ಏರಿಸಲಿ ಎಂದು ಟಬ್ ಭಾವ ಕೇಳಿದ. ಮುರ್ಡೇಶ್ವರದ ಶಿವ 123 ಅಡಿ, ಅವನ ತಲೆಯ ಮೇಲಿಟ್ಟರೆ ಮೂರೂವರೆ ಕಿಲೋ ಒತ್ತಡಕ್ಕೆ ಮೋಸವಿಲ್ಲ, ಆದರೆ ಅಲ್ಲಿ ಈಗಾಗಲೇ ಒಬ್ಬಳು ಕೂತಿದ್ದಾಳೆ, ಅಂದ ಪ್ಲಂಬರು. ಗಂಗೆ ಭೂಮಿಗೆ ಇಳಿದದ್ದೂ ಎತ್ತರದಿಂದಲೇ ಎಂಬುದನ್ನು ಈ ಜಿಲ್ಲೆಯಲ್ಲಿ ಇಷ್ಟು ಚಿಕ್ಕದಾಗಿ ಯಾರೂ ವಿವರಿಸಿಲ್ಲ.

ಕಡೆಗೆ ಟೈಲ್ಸು ಒಡೆದರು. ಅರ್ಧ ಇಂಚು ಹೋಗಿ ಒಂದಿಂಚು ಬಂತು. ಪೈಪಿನ ಬಾಯಿ ಇಮ್ಮಡಿಯಾದರೆ ನೀರು ಬರಿ ಇಮ್ಮಡಿಯಾಗುವುದಿಲ್ಲ, ನಾಲ್ಕು ಪಟ್ಟನ್ನೂ ಮೀರುತ್ತದೆ. ಅದೂ ಸಾಲದೆಂದು ಪ್ರೆಶರ್ ಪಂಪು ಕೂತಿತು. ಈಗ ನಿಮಿಷಕ್ಕೆ ನಲವತ್ತು ಲೀಟರು, ಏಳೂವರೆ ನಿಮಿಷಕ್ಕೆ ಟಬ್ಬು ಭರ್ತಿ. ಆ ದಿನ ಟಬ್ ಭಾವ ಪಾಯಸ ಮಾಡಿಸಿ ಅಕ್ಕಪಕ್ಕದ ಮನೆಗೆ ಕಳಿಸಿದ.

ಪಂಪು ಗುರ್ರೆಂದರೆ ಅಡುಗೆಮನೆಯ ನಲ್ಲಿ ಬಾಯಿ ಮುಚ್ಚುತ್ತದೆ ಎಂಬುದು ತಿಳಿದದ್ದು ಪಾಯಸದ ಪಾತ್ರೆ ತೊಳೆಯುವಾಗ. ಕೈಯೆಲ್ಲ ಸೋಪು ಮಾಡಿಕೊಂಡ ಹೆಂಡತಿ ಕೆಳಗಿನಿಂದ "ಹೋಯ್!" ಅಂದರೆ, ಮೇಲಿನಿಂದ "ಇನ್ನು ಮೂರೇ ನಿಮಿಷ" ಎಂಬ ಉತ್ತರ. ಒಮ್ಮೆ ಫೋನಿನಲ್ಲಿ ಮೈಮರೆತಾಗ ಟಬ್ಬಿನ ಕೊರಳಿನ ತೂತು ಅಷ್ಟು ನೀರನ್ನು ನುಂಗಲಾರದೆ ಸೋತು, ನೀರು ಮೆಟ್ಟಿಲಿಳಿದು ಜಗಲಿಯಲ್ಲಿ ಕೂತವರ ಕಾಲು ತೊಳೆಯಿತು. ತುಂಬಿದ ತೊಟ್ಟಿಗೆ ಇಳಿದ ಆರ್ಕಿಮಿಡೀಸ್ ಬತ್ತಲೆಯಾಗಿ ಬೀದಿಯಲ್ಲಿ ಓಡಿದ ಕಥೆ ಟಬ್ ಭಾವನಿಗೂ ಗೊತ್ತು. ಆ ತೊಟ್ಟಿ ತುಂಬಲು ಎಷ್ಟು ಹೊತ್ತು ಹಿಡಿಯಿತೆಂದು ಒಬ್ಬರೂ ಬರೆದಿಡಲಿಲ್ಲವಲ್ಲ ಎಂಬುದೊಂದೇ ಅವನ ಕೊರಗು.

ಗೀಸರಿನ ವಿಷಯ ಎತ್ತಿದರೆ ಅವನು ಮಾತು ಮರೆಸುತ್ತಾನೆ. ಇಪ್ಪತ್ತೈದು ಲೀಟರಿನ ಗೀಸರಿನ ಸುಡುನೀರಿಗೆ ತಣ್ಣೀರು ಬೆರೆಸಿದರೆ ಹದವಾದ ನೀರು ಎಪ್ಪತ್ತು ಚಿಲ್ಲರೆ ಲೀಟರು ಆದೀತು. ಇಡೀ ಟಬ್ಬನ್ನು ಬೆಚ್ಚಗೆ ಮಾಡಲು ಎರಡು ಸಾವಿರ ವಾಟಿನ ಕಾಯಿಲ್ಲು ಎರಡು ಗಂಟೆಯ ಮೇಲೆ ದುಡಿಯಬೇಕು. ಅಂದರೆ ಇಷ್ಟೆಲ್ಲ ಖರ್ಚಿನಿಂದ ಬೇಗ ಆದದ್ದು ತಣ್ಣೀರು ಮಾತ್ರ. ಅತ್ತ ಹಳೇ ಬಚ್ಚಲಿನಲ್ಲಿ ಅಮ್ಮನ ತಾಮ್ರದ ಹಂಡೆ, ಸೋಗೆಯ ಉರಿ, ಕರಟದ ಕೆಂಡದಲ್ಲಿ ಬೆಳಗಿನಿಂದ ಸುಯ್ಯೆನ್ನುತ್ತಿರುತ್ತದೆ. ಮಗ ಸದ್ದಿಲ್ಲದೆ ಚೊಂಬು ಹಿಡಿದು ಸ್ನಾನಕ್ಕೆ ಬರುವುದು ಅಲ್ಲಿಗೇ.

ಅಮ್ಮನಿಗೆ ಲೀಟರಿನ ಲೆಕ್ಕ ಬಾರದು, ಕೊಡದ ಲೆಕ್ಕ ಬರುತ್ತದೆ. "ಇಪ್ಪತ್ತು ಕೊಡ ಒಬ್ಬನ ಮೈಗೆ!" ಎಂದು ಆಕೆ ಮೂಗಿನ ಮೇಲೆ ಬೆರಳಿಟ್ಟದ್ದು ತಪ್ಪಲ್ಲ. ಜಲಜೀವನ್ ಯೋಜನೆ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ ಲೆಕ್ಕ ಹಾಕಿರುವುದು 55 ಲೀಟರು. ಆ ಲೆಕ್ಕದಲ್ಲಿ ಒಂದು ಟಬ್ಬೆಂದರೆ ಐದು ಜನರ ಇಡೀ ದಿನ. ಮಳೆಗಾಲದಲ್ಲಿ ಕೈಯಲ್ಲಿ ಮೊಗೆಯುವಷ್ಟು ಮೇಲೆ ಬರುವ ಕೆಂಪುಕಲ್ಲಿನ ಬಾವಿ ಮೇ ತಿಂಗಳಲ್ಲಿ ತಳದ ಕಲ್ಲು ತೋರಿಸಿದಾಗ, ಟಬ್ ಭಾವ ಸ್ಟಾಪ್‌ವಾಚನ್ನು ಕಪಾಟಿನೊಳಗಿಟ್ಟು ಜೂನ್ ಕಾಯುತ್ತಾನೆ.

ಟಬ್ಬಿಗೆ ನಿಜವಾದ ಮರ್ಯಾದೆ ಸಿಕ್ಕಿದ್ದು ದೀಪಾವಳಿಯಲ್ಲಿ. ನರಕ ಚತುರ್ದಶಿಯ ಮುನ್ನಾದಿನ ನಮ್ಮಲ್ಲಿ ನೀರು ತುಂಬುವ ಹಬ್ಬ. ಅಮ್ಮ ಹಂಡೆಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಸುಣ್ಣ ಕೆಮ್ಮಣ್ಣು ಬರೆದು, ಉಳಿದ ಬಳ್ಳಿಯನ್ನು ಮೇಲೆ ತಂದು ಟಬ್ಬಿಗೂ ಸುತ್ತಿದಳು. ತುಂಬುವುದಕ್ಕೇ ಒಂದು ಹಬ್ಬವಿರುವ ಊರಿನಲ್ಲಿ ಹುಟ್ಟಿದ ಮಗನನ್ನು ಇನ್ನು ಬೈದು ಫಲವಿಲ್ಲ ಎನಿಸಿರಬೇಕು. ಮರುದಿನ ಎಣ್ಣೆ ಹಚ್ಚಿಕೊಂಡ ಮಕ್ಕಳೆಲ್ಲ ಒಟ್ಟಿಗೆ ಟಬ್ಬಿಗೆ ಹಾರಿದರು, ತಣ್ಣೀರಿಗೆ ಕಿರುಚಿ ಹೊರಗೆ ಹಾರಿದರು.

ಹೊಸ ಮನೆಗೆ ಟಬ್ಬು ತರುವ ಯೋಚನೆ ನಿಮಗೂ ಇದ್ದರೆ ಒಂದು ಮಾತು: ಮೊದಲು ಟ್ಯಾಂಕಿನ ಎತ್ತರ ಅಳೆಯಿರಿ, ಆಮೇಲೆ ಮೇ ತಿಂಗಳಲ್ಲಿ ಬಾವಿಗೆ ಹಗ್ಗ ಬಿಟ್ಟು ನೋಡಿ, ಟಬ್ಬಿನ ರೇಟು ಕೊನೆಗೆ ಕೇಳಿ. ಅಷ್ಟಾದರೂ ಆಸೆ ಬಿಡದಿದ್ದರೆ ಮಂಕಿಗೆ ಬನ್ನಿ. ಟಬ್ ಭಾವ ತುಂಬಿಸಿ ತೋರಿಸುತ್ತಾನೆ.