ಐದನೇ ತಿಂಗಳ ಆಡಳಿತ ಮಂಡಳಿ

(ಮೈಸೂರಿನ ಒಂದು ಮನೆ. ಸೊಸೆಗೆ ಐದು ತಿಂಗಳು. ಉಳಿದವರಿಗೆಲ್ಲ ಒಂಬತ್ತು ತುಂಬಿದಷ್ಟು ಆಯಾಸ.)

ಅತ್ತೆ: ಕೇಸರಿ ಹಾಲು ಕುಡಿಯಮ್ಮ, ಮಗು ಬೆಳ್ಳಗಾಗುತ್ತೆ.

ಸೊಸೆ: ಬಣ್ಣ ಅಪ್ಪ-ಅಮ್ಮನಿಂದ ಬರೋದು ಅತ್ತೆ. ನಿಮ್ಮ ಮಗನ್ನ ಒಂದ್ಸಲ ಬೆಳಕಲ್ಲಿ ನಿಲ್ಲಿಸಿ ನೋಡಿ.

ಅತ್ತೆ: ಹುಟ್ಟಿದಾಗ ಬೆಳ್ಳಗೇ ಇದ್ದ. ಆಮೇಲೆ ಸ್ಕೂಟರ್ ಕೊಡಿಸಿದ್ವಿ.

ಗಂಡ: ಕಬ್ಬಿಣದ ಮಾತ್ರೆ ತಗೊಂಡ್ಯಾ? ಹಾಲು, ಕಾಫಿ ಜೊತೆ ಬೇಡ ಕಣೇ, ಮೈಗೆ ಹತ್ತಲ್ಲ. ಆಪ್‌ನಲ್ಲಿದೆ. ಮಗು ಈಗ ಬಾಳೆಹಣ್ಣಿನಷ್ಟು ಉದ್ದವಂತೆ!

ಅತ್ತೆ: ಯಾವ ಬಾಳೆನೋ? ನಂಜನಗೂಡು ರಸಬಾಳೆನೋ, ಪಚ್ಚಬಾಳೆನೋ?

(ಆಪ್ ಮಾಡಿದ ಪುಣ್ಯಾತ್ಮರಿಗೆ ಈ ಪ್ರಶ್ನೆ ಹೊಳೆದಿರಲಾರದು.)

ಪಕ್ಕದ್ಮನೆಯಾಕೆ (ಕಾಂಪೌಂಡ್ ಮೇಲಿಂದ): ಹೊಟ್ಟೆ ಮುಂದಕ್ಕೆ ಬಂದಿದೆ, ಗಂಡೇ! ಸ್ಕ್ಯಾನಿಂಗ್‌ನಲ್ಲಿ ಏನಂದ್ರು?

ಸೊಸೆ: ಹೇಳಿದ್ರೆ ಡಾಕ್ಟರಿಗೆ ಜೈಲು ಆಂಟಿ. 1994ರಲ್ಲೇ ಕಾನೂನು ಬಂದಿದೆ.

ಪಕ್ಕದ್ಮನೆಯಾಕೆ: ಅದು ಡಾಕ್ಟರಿಗೆ. ನಂಗ್ಯಾವ ಕಾನೂನು?

ಗಂಡ: ಅಮ್ಮಾ, ದಿನಾ ವಾಕಿಂಗ್ ಹೇಳಿದಾರೆ.

ಅತ್ತೆ: ನಾನು ಏಳನೇ ತಿಂಗಳಲ್ಲೂ ಬಾವೀಲಿ ನೀರು ಸೇದ್ತಿದ್ದೆ. (ಸೊಸೆಗೆ) ನೀನು ಅಲ್ಲಾಡ್ಬೇಡ, ಕೂತ್ಕೋ.

ಸೊಸೆ: ರೀ, ಯಾಕೋ ಪರಂಗಿಹಣ್ಣು ತಿನ್ನೋ ಆಸೆ.

(ಮಿಕ್ಸಿ ನಿಂತಿತು. ಟಿವಿಯೂ ನಿಂತಿತು.)

ಅತ್ತೆ: ಬಯಕೆ ತೀರಿಸ್ಬೇಕು, ಇಲ್ಲಾಂದ್ರೆ ಮಗು ಕಿವಿ ಸೋರುತ್ತೆ. ಆದ್ರೆ ಪರಂಗಿ ಮಾತ್ರ ಹೊಸಿಲು ದಾಟಕೂಡದು!

ಗಂಡ: ಬಯಕೆ ನನಗೇ ಬಂತು ಅಂದ್ಕೊಳ್ಳಿ. ತಂದು ನಾನೇ ತಿಂತೀನಿ.

ಸೊಸೆ: ಹಂಗೇ ಹೆರಿಗೆನೂ ಮಾಡ್ಕೊಂಡ್ಬಿಡಿ. ಕೇಂದ್ರ ಸರ್ಕಾರದ ನೌಕರರು, 15 ದಿನ ಪಿತೃತ್ವ ರಜೆ ಇದ್ದೇ ಇದೆ!