ಹುಳು, ಮಾದರಿ ಎನ್2: ಬಳಕೆದಾರರ ಕೈಪಿಡಿ

ಅಭಿನಂದನೆಗಳು. ಲೋಹಗಳ ವಿಷವನ್ನು ಅಳೆಯಲು ನೀವು ಆಯ್ದುಕೊಂಡಿರುವುದು ಸಿ. ಎಲಿಗನ್ಸ್, ಒಂದು ಮಿಲಿಮೀಟರ್ ಉದ್ದದ ದುಂಡುಹುಳು. ಎರೆಹುಳು ಇರಬೇಕೆಂದು ಗಾಳ ಹಿಡಿದು ಬಂದವರು ದಯವಿಟ್ಟು ಕೆರೆಯ ಕಡೆ ಹೋಗಿ.

1. ಪೆಟ್ಟಿಗೆಯಲ್ಲಿ ಏನೇನಿದೆ

ದೇಹಕೋಶಗಳು 959, ಅದರಲ್ಲಿ ನರಕೋಶಗಳು 302. ಲೆಕ್ಕ ತಪ್ಪಿದರೆ ಮೊದಲು ಎಣಿಸಿದವರನ್ನು ಅನುಮಾನಿಸಿ. ಮೈ ಪಾರದರ್ಶಕ, ಒಳಗೆ ನಡೆಯುವುದೆಲ್ಲ ಸೂಕ್ಷ್ಮದರ್ಶಕದಡಿ ಕಾಣುತ್ತದೆ. ದ್ವಿಲಿಂಗಿ, ಜೋಡಿ ಹುಡುಕುವ ತಾಪತ್ರಯವಿಲ್ಲದೆ ಒಂದೇ ಹುಳು ಸುಮಾರು 300 ಮೊಟ್ಟೆ ಇಡುತ್ತದೆ. 1960ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ಇದನ್ನು ಪ್ರಯೋಗಾಲಯಕ್ಕೆ ಕರೆತಂದವರು ಸಿಡ್ನಿ ಬ್ರೆನ್ನರ್. 2002ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ಹುಳುವಿಗೆ ಸಿಕ್ಕಿದ್ದು ಕ್ಯಾಡ್ಮಿಯಂ.

2. ಊಟ ಮತ್ತು ವಿಷ

ಅಗರ್ ಪ್ಲೇಟಿನ ಮೇಲೆ ಇ. ಕೋಲೈ ಬ್ಯಾಕ್ಟೀರಿಯ ಬೆಳೆಸಿ, ಹುಳು ಬಿಡಿ. ಲೋಹ ಬೆರೆಸುವ ಮುನ್ನ ಒಂದು ಕ್ಷಣ ತಡೆಯಿರಿ. ಅಗರ್‌ನಲ್ಲಿರುವ ಫಾಸ್ಫೇಟ್ ಸೀಸದೊಡನೆ ಕೂಡಿ ಕರಗದ ಲವಣವಾಗುತ್ತದೆ. ಬ್ಯಾಕ್ಟೀರಿಯವೂ ತನ್ನ ಪಾಲಿನ ಲೋಹವನ್ನು ಮೈಗೆ ಅಂಟಿಸಿಕೊಳ್ಳುತ್ತದೆ. ನೀವು ಸುರಿದದ್ದೆಷ್ಟೋ, ಹುಳುವಿಗೆ ತಲುಪಿದ್ದೆಷ್ಟೋ. ಇದನ್ನು ಮರೆತವರಿಗೆ ಸೀಸವನ್ನು ಅರಗಿಸಿಕೊಳ್ಳುವ ಮಹಾಹುಳುವೊಂದನ್ನು ಕಂಡುಹಿಡಿದ ಸಂತೋಷ ಕೆಲವು ದಿನ ಇರುತ್ತದೆ.

ಪರಿಹಾರ: ಸೋಡಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಮಾತ್ರ ಕರಗಿಸಿದ ನೀರಿನಲ್ಲಿ ಪ್ರಯೋಗ ಮಾಡಿ. ಅಲ್ಲಿ ಊಟವಿಲ್ಲ. ಆದ್ದರಿಂದ ಲೋಹ ಹಾಕದ ಕಂಟ್ರೋಲ್ ಹುಳುಗಳನ್ನೂ ಅಷ್ಟೇ ಹೊತ್ತು ಉಪವಾಸ ಇಡಿ. ಅವೂ ಸಾಲಾಗಿ ಸತ್ತರೆ ಲೋಹವನ್ನು ದೂರಬೇಡಿ.

3. ಸತ್ತಿದೆಯೇ?

ಪ್ಲಾಟಿನಂ ತಂತಿಯ ತುದಿಯಿಂದ ಮೆಲ್ಲಗೆ ಮುಟ್ಟಿ. ಮಿಸುಕಿದರೆ ಬದುಕಿದೆ. ಮಿಸುಕದಿದ್ದರೆ ಮತ್ತೊಮ್ಮೆ ಮುಟ್ಟಿ. ಕೋಪದಿಂದ ತಿವಿದರೆ ಆ ಸಾವು ನಿಮ್ಮ ಖಾತೆಗೆ.

ಸತ್ತ ಹುಳುಗಳನ್ನಷ್ಟೇ ಎಣಿಸಿ ಊಟಕ್ಕೆ ಹೊರಡುವವರು ಈ ಉಪಕರಣದ ಬೆಲೆಯನ್ನು ದಂಡ ಮಾಡುತ್ತಾರೆ. ಸಾಯುವ ಪ್ರಮಾಣಕ್ಕಿಂತ ಎಷ್ಟೋ ಕಡಿಮೆ ಲೋಹಕ್ಕೇ ಹುಳು ಬೆಳೆಯುವುದು ನಿಧಾನವಾಗುತ್ತದೆ, ಬಳುಕು ಕುಗ್ಗುತ್ತದೆ, ಮರಿಗಳು ಕಡಿಮೆಯಾಗುತ್ತವೆ. ಐಎಸ್ಒ 10872 ಮಾನದಂಡ 96 ಗಂಟೆ ಕಾದು, ಬೆಳವಣಿಗೆಯನ್ನೂ ಸಂತಾನವನ್ನೂ ಅಳೆಯಿರಿ ಎನ್ನುವುದು ಇದಕ್ಕೇ.

ಮ್ಯಾಂಗನೀಸ್ ಅನ್ನೇ ನೋಡಿ. ಅದನ್ನು ಪುಡಿ ಮಾಡುತ್ತಿದ್ದ ಸ್ಕಾಟ್ಲೆಂಡಿನ ಕಾರ್ಮಿಕರ ನಡಿಗೆ ಕೆಟ್ಟದ್ದನ್ನು ಕೂಪರ್ ಎಂಬ ವೈದ್ಯ 1837ರಲ್ಲೇ ಬರೆದಿಟ್ಟಿದ್ದ. ಮೆದುಳಿನ ಯಾವ ಕೋಶಕ್ಕೆ ಪೆಟ್ಟು ಬಿತ್ತೆಂದು ಬದುಕಿರುವ ಮನುಷ್ಯನ ತಲೆ ತೆರೆದು ನೋಡುವಂತಿಲ್ಲ. ದ್ವಿಲಿಂಗಿ ಹುಳುವಿನಲ್ಲಾದರೋ ಚಲನೆಯನ್ನು ಹದದಲ್ಲಿಡುವ ಡೋಪಮೈನ್ ನರಕೋಶಗಳು ಎಂಟೇ ಎಂಟು. ಅವು ಹಸಿರಾಗಿ ಹೊಳೆಯುವಂತೆ ಮಾಡಿದ ತಳಿ ಸಿಗುತ್ತದೆ. ಯಾವುದು ಮಂಕಾಯಿತು, ಯಾವುದು ತುಂಡಾಯಿತು ಎಂದು ಜೀವಂತ ಹುಳುವಿನಲ್ಲೇ ಲೆಕ್ಕ ಹಾಕಿ.

4. ವಾರಂಟಿ

ಲೋಹವನ್ನು ಹಿಡಿದು ಕಟ್ಟಿಹಾಕುವ ಮೆಟಾಲೋಥಯೊನೀನ್ ಎಂಬ ಪ್ರೋಟೀನ್ ಹುಳುವಿಗೂ ಇದೆ, ನಮಗೂ ಇದೆ. ಆದರೆ ಸಸ್ಯಗಳಂತೆ ಫೈಟೋಕೆಲಾಟಿನ್ ತಯಾರಿಸಿ ಕ್ಯಾಡ್ಮಿಯಂ ಅನ್ನು ಬಂಧಿಸುವ ವಿದ್ಯೆ ಹುಳುವಿಗೆ ಗೊತ್ತು, ನಮಗೆ ಗೊತ್ತಿಲ್ಲ. ನಮಗಿರುವ ಯಕೃತ್ತು, ಮೂತ್ರಪಿಂಡ ಅದಕ್ಕಿಲ್ಲ. ಹೀಗಾಗಿ ಲೋಹ ಯಾವ ಕೋಶವನ್ನು, ಯಾವ ದಾರಿಯಲ್ಲಿ ಕೆಡಿಸುತ್ತದೆ ಎಂಬ ಪ್ರಶ್ನೆಗಳಿಗೆ ವಾರಂಟಿ ಉಂಟು. ‘ಹುಳುವಿಗೆ ಏನೂ ಆಗಲಿಲ್ಲ, ಈ ನೀರು ಕುಡಿಯಿರಿ’ ಎಂದು ಊರಿಗೆ ಸಾರಿದ ತಕ್ಷಣ ಅದು ರದ್ದು.

5. ವಿಲೇವಾರಿ

ಆಟೋಕ್ಲೇವ್‌ನ 121 ಡಿಗ್ರಿ ಬಿಸಿಗೆ ಹುಳುವೂ ಸಾಯುತ್ತದೆ, ಬ್ಯಾಕ್ಟೀರಿಯವೂ ಸಾಯುತ್ತದೆ. ಕ್ಯಾಡ್ಮಿಯಂ ಸಾಯುವುದಿಲ್ಲ. ಅದನ್ನು ಹೆಸರು ಬರೆದ ಬೇರೆ ಡಬ್ಬಿಯಲ್ಲಿ ಶೇಖರಿಸಿ, ಅಪಾಯಕಾರಿ ತ್ಯಾಜ್ಯದವರಿಗೆ ಒಪ್ಪಿಸಿ. ಸಿಂಕಿಗೆ ಸುರಿದರೂ ಪ್ರಯೋಗವೇನೂ ನಿಲ್ಲುವುದಿಲ್ಲ. ಕಂಟ್ರೋಲ್ ಇಲ್ಲದೆ, ಯಾರ ಒಪ್ಪಿಗೆಯೂ ಇಲ್ಲದೆ, ಚರಂಡಿಯ ಕೆಳಗಿನ ಊರುಗಳಲ್ಲಿ ಮುಂದುವರಿಯುತ್ತದೆ.